ಕಡಲಿಲ್ಲದ ನಾಡಿನ ಶಂಖ, ಚಿಪ್ಪು, ಕವಡೆ

ಮೃದ್ವಂಗಿಗಳು ತಮ್ಮ ಮೆತ್ತನೆಯ ಮೈಸುತ್ತ ಕಟ್ಟಿಕೊಳ್ಳುವ ಗಟ್ಟಿ ಗೂಡಿಗೆ ಕನ್ನಡದಲ್ಲಿ ಮುಖ್ಯವಾಗಿ ಮೂರು ಹೆಸರುಗಳಿವೆ. ಸುರುಳಿಯಾಗಿ ಸುತ್ತಿಕೊಂಡು ಒಳಗೆ ಟೊಳ್ಳಾಗಿರುವುದು ಶಂಖ. ಬಾಗಿದ ತೆಳು ಹೊದಿಕೆಯಾಗಿರುವುದು ಚಿಪ್ಪು. ಗುಂಡಗೆ ನುಣುಪಾಗಿದ್ದು, ಒಂದು ಮಗ್ಗುಲಲ್ಲಿ ಹಲ್ಲುಹಲ್ಲಾದ ಸೀಳುಬಾಯಿ ಇರುವುದು ಕವಡೆ. ಮೂರಕ್ಕೂ ಒಂದೊಂದು ಗುಣ ಮುಖ್ಯ. ಶಂಖದ ಟೊಳ್ಳು ದನಿಯನ್ನೂ ನೀರನ್ನೂ ಸಾಗಿಸುತ್ತದೆ. ಚಿಪ್ಪಿನ ಬಾಗು ಒಳಗಿರುವುದನ್ನು ಕಾಯುತ್ತದೆ. ಒಂದೇ ಅಳತೆಯ ಕವಡೆ ಎಣಿಕೆಗೆ ಒದಗುತ್ತದೆ. ಮನುಷ್ಯನ ಕಿವಿಯಿಂದ ಗುಡಿಯ ಬಾಗಿಲವರೆಗೆ, ತೋಟದ ಪಂಪಿನಿಂದ ಜಗಲಿಯ ಆಟದವರೆಗೆ ಈ ಹೆಸರುಗಳೂ ಆಕಾರಗಳೂ ಹರಡಿರುವುದು ಈ ಮೂರು ಗುಣಗಳ ಬಲದಿಂದಲೇ.

ಈ ಹರಡುವಿಕೆಯನ್ನು ಗಮನಿಸಲು ಹಿರಿಯೂರು ತಾಲ್ಲೂಕಿನ ಬಬ್ಬೂರು ತಕ್ಕ ಊರು. ವೇದಾವತಿ ನದಿಯ ಬಯಲಿನ ಈ ಊರು ಕೃಷಿ ಸಂಶೋಧನಾ ಕೇಂದ್ರವಿರುವ ಬಬ್ಬೂರು ಫಾರಂನಿಂದಲೂ, ಬಬ್ಬೂರುಕಮ್ಮೆ ಎಂಬ ಸಮುದಾಯದ ಹೆಸರಿನಿಂದಲೂ ನಾಡಿಗೆ ಪರಿಚಿತ. ಇಲ್ಲಿಂದ ಪಡುಗಡಲು ಸುಮಾರು 200 ಕಿಲೋಮೀಟರ್ ದೂರ, ನಡುವೆ ಪಶ್ಚಿಮಘಟ್ಟ. ಮಳೆ ಕಡಿಮೆ, ಬಿಸಿಲು ಹೆಚ್ಚು. ನೆಲದೊಳಗೂ ಕಡಲ ಚಿಪ್ಪಿನ ಗುರುತಿಲ್ಲ. ಚಿತ್ರದುರ್ಗ ಸೀಮೆಯ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಚಿಪ್ಪು ಹೊತ್ತ ಜೀವಿಗಳು ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು 54 ಕೋಟಿ ವರ್ಷವಾಗಿದೆಯಷ್ಟೇ. ಹಾಗಾಗಿ ಈ ಭಾಗದ ದೇವರಮನೆಯಲ್ಲಿ ಇರುವ ಪ್ರತಿ ಶಂಖವೂ, ಎತ್ತಿನ ಕೊರಳಲ್ಲಿರುವ ಪ್ರತಿ ಕವಡೆಯೂ ದಾರಿ ಸವೆಸಿ ಬಂದದ್ದು. ಆ ದಾರಿ ಹಳೆಯದು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಉತ್ಖನನದಲ್ಲಿ ರೋಮ್‌ನ ಅಗಸ್ಟಸ್ ಮತ್ತು ಟೈಬೀರಿಯಸ್ ದೊರೆಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಎರಡು ಸಾವಿರ ವರ್ಷದ ಹಿಂದೆಯೇ ಈ ಒಳನಾಡಿಗೂ ಕಡಲ ದಂಡೆಗೂ ವ್ಯಾಪಾರದ ನಂಟಿತ್ತು.

ಆಕಾರಕ್ಕೆ ಮೂಲವಾದ ಜೀವಿಯನ್ನು ಮೊದಲು ನೋಡಬೇಕು. ಶಂಖದೊಳಗಿನ ಹುಳು ತನ್ನ ಮೈಯ ಹೊರಪದರದಿಂದ ಕ್ಯಾಲ್ಸಿಯಂ ಕಾರ್ಬೋನೇಟನ್ನು ಒಸರಿ, ಶಂಖದ ಬಾಯಂಚಿಗೆ ಮಾತ್ರ ಸೇರಿಸುತ್ತ ಹೋಗುತ್ತದೆ. ಹಿಂದೆ ಕಟ್ಟಿದ ಭಾಗ ಹಾಗೆಯೇ ಉಳಿಯುತ್ತದೆ, ಹೊಸ ಸುತ್ತು ಹಳೆಯದಕ್ಕಿಂತ ಒಂದೇ ಪ್ರಮಾಣದಲ್ಲಿ ಹಿರಿದಾಗುತ್ತದೆ. ಇದರಿಂದ ಗಾತ್ರ ಬೆಳೆದರೂ ಆಕಾರ ಬದಲಾಗುವುದಿಲ್ಲ. ಬೆರಳುದ್ದದ ಶಂಖಕ್ಕೂ ಮೊಳದುದ್ದದ ಶಂಖಕ್ಕೂ ರೂಪ ಒಂದೇ. ಈ ಬಗೆಯ ಸುರುಳಿಯನ್ನು ಗಣಿತದಲ್ಲಿ ಲಘುಗಣಕ ಸುರುಳಿ ಎನ್ನುತ್ತಾರೆ. ಇದರ ಬೆಳವಣಿಗೆಯ ನಿಯಮವನ್ನು ಸ್ಕಾಟ್ಲೆಂಡಿನ ಜೀವವಿಜ್ಞಾನಿ ಡಾರ್ಸಿ ಥಾಂಪ್ಸನ್ 1917ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ವಿವರಿಸಿದರು.

ಪೂಜೆಯ ಶಂಖ ಬಹುಪಾಲು ಟರ್ಬಿನೆಲ್ಲಾ ಪೈರಮ್ ಎಂಬ ಜಾತಿಯದು. ಮನ್ನಾರ್ ಕೊಲ್ಲಿ ಮತ್ತು ತಮಿಳುನಾಡಿನ ಕರಾವಳಿ ಇದರ ಹೆಸರಾಂತ ನೆಲೆ. ಇದರಲ್ಲಿ ಬಲಮುರಿ ಶಂಖ ಬಲು ಅಪರೂಪ, ಅದಕ್ಕೇ ಅದಕ್ಕೆ ಬೆಲೆಯೂ ಹೆಚ್ಚು. ಪ್ರಾಣಿಶಾಸ್ತ್ರದ ಪುಸ್ತಕ ತೆರೆದರೆ ಮಾತ್ರ ಅದೇ ಶಂಖವನ್ನು ಎಡಮುರಿ ಎಂದು ಬರೆದಿರುತ್ತದೆ. ಎರಡೂ ಸರಿಯೇ, ಹಿಡಿಯುವ ಬಗೆ ಬೇರೆ. ವಿಜ್ಞಾನಿಗಳು ಸುರುಳಿಯ ತುದಿಯನ್ನು ಮೇಲೆ ಮಾಡಿ, ಬಾಯಿ ತಮ್ಮ ಕಡೆಗಿರುವಂತೆ ಹಿಡಿದು ನೋಡುತ್ತಾರೆ. ಆಗ ಸಾಧಾರಣ ಶಂಖದ ಬಾಯಿ ಬಲಕ್ಕೆ ಕಾಣುತ್ತದೆ. ಪೂಜೆಯ ಸಂಪ್ರದಾಯದಲ್ಲಿ ನೀರು ಬೀಳುವ ಮೂತಿಯನ್ನು ಮೇಲೆ ಮಾಡಿ ನೋಡುತ್ತಾರೆ. ಆಗ ಅದೇ ಬಾಯಿ ಎಡಕ್ಕೆ ಬರುತ್ತದೆ.

ಮೈಯಲ್ಲಿ ಶಂಖದ ನೆಲೆ ಮೊದಲನೆಯದಾಗಿ ಕಿವಿ. ಹೊರಗಿವಿಯ ನಡುವಿನ ಬಟ್ಟಲಿನಂಥ ತಗ್ಗಿಗೆ ಅಂಗರಚನಾಶಾಸ್ತ್ರದಲ್ಲಿ ಕಾಂಕಾ ಎಂದು ಹೆಸರು. ಗ್ರೀಕ್ ಮೂಲದ ಆ ಮಾತಿಗೆ ಚಿಪ್ಪು ಎಂದೇ ಅರ್ಥ. ಒಳಗಿವಿಯ ಸುರುಳಿ ನಾಳಕ್ಕೆ ಕಾಕ್ಲಿಯ ಎಂದು ಹೆಸರು. ಅದರ ಅರ್ಥ ಬಸವನಹುಳು. ಈ ಹೆಸರನ್ನು ಇಟ್ಟವರು 16ನೇ ಶತಮಾನದ ಇಟಲಿಯ ಅಂಗರಚನಾಶಾಸ್ತ್ರಜ್ಞ ಗೇಬ್ರಿಯೆಲೆ ಫಾಲೋಪಿಯೊ. ಮನುಷ್ಯರ ಕಾಕ್ಲಿಯ ಒಂದು ಎಲುಬಿನ ಕಂಬವನ್ನು ಬಳಸಿ ಸುಮಾರು ಎರಡೂಮುಕ್ಕಾಲು ಸುತ್ತು ಸುತ್ತಿರುತ್ತದೆ. ಬಿಡಿಸಿ ನೇರ ಮಾಡಿದರೆ ಸುಮಾರು 35 ಮಿಲಿಮೀಟರ್ ಉದ್ದ. ಸುತ್ತಿಕೊಂಡಾಗ ಕಡಲೆಕಾಳಿನಷ್ಟು ಜಾಗ ಸಾಕು. ನಾಳದ ತುಂಬ ದ್ರವವಿದೆ, ಉದ್ದಕ್ಕೂ ತೆಳುವಾದ ಪೊರೆಯೊಂದು ಹಾಸಿದೆ. ಪೊರೆ ಬುಡದಲ್ಲಿ ಕಿರಿದು, ಬಿಗಿ; ತುದಿಯಲ್ಲಿ ಅಗಲ, ಸಡಿಲ. ಹಕ್ಕಿಯ ಕೀರಲು ದನಿ ಬುಡದಲ್ಲಿ, ಡೊಳ್ಳಿನ ಗುಡುಗು ತುದಿಯ ಬಳಿ ಪೊರೆಯನ್ನು ಹೆಚ್ಚು ಅಲುಗಿಸುತ್ತದೆ. ಪೊರೆಯ ಮೇಲಿರುವ ಸುಮಾರು 15 ಸಾವಿರ ರೋಮಕೋಶಗಳು ಈ ಅಲುಗಾಟವನ್ನು ನರದ ಸಂಕೇತವಾಗಿ ಬದಲಿಸುವ ಕೆಲಸದಲ್ಲಿ ತೊಡಗಿರುತ್ತವೆ. ದನಿಯ ಅಲೆ ಈ ಪೊರೆಯ ಮೇಲೆ ಹೇಗೆ ಸಾಗುತ್ತದೆಂದು ತೋರಿಸಿದ ಗೇಯೋರ್ಗ್ ಫಾನ್ ಬೇಕೆಶಿ ಅವರಿಗೆ 1961ರ ನೊಬೆಲ್ ಪ್ರಶಸ್ತಿ ಸಂದಿತು.

ಕೋಶಗಳು ಕೆಲಸ ಮಾಡದೆ ಹುಟ್ಟಿನಿಂದಲೇ ಕಿವುಡಾದ ಮಕ್ಕಳಿಗೆ ಇಂದು ಕಾಕ್ಲಿಯರ್ ಇಂಪ್ಲಾಂಟ್ ನೆರವಾಗುತ್ತದೆ. ಕಿವಿಯ ಹಿಂದೆ ಇಟ್ಟ ಸಾಧನ ದನಿಯನ್ನು ಹಿಡಿದು ಒಳಕ್ಕೆ ಕಳಿಸುತ್ತದೆ; ಸುರುಳಿ ನಾಳದೊಳಗೆ ಪೋಣಿಸಿದ ತೆಳುತಂತಿಯ ವಿದ್ಯುದ್ವಾರಗಳು ಶ್ರವಣನರವನ್ನು ನೇರವಾಗಿ ಎಚ್ಚರಿಸುತ್ತವೆ. ಬುಡದಿಂದ ತುದಿಯವರೆಗೆ ಸ್ವರಗಳು ಸಾಲಾಗಿ ನೆಲೆಸಿರುವುದರಿಂದಲೇ ಈ ಚಿಕಿತ್ಸೆ ಸಾಧ್ಯ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕ್ಷೇತ್ರದಲ್ಲಿ ದುಡಿಯುತ್ತಿದೆ. ಮಗುವಿನ ಕಿವುಡು ಎಷ್ಟು ಬೇಗ ಗೊತ್ತಾದರೆ ಮಾತು ಕಲಿಯಲು ಅಷ್ಟು ಒಳ್ಳೆಯದು. ಹುಟ್ಟಿದ ಕೂಡಲೇ ಕಿವಿ ಪರೀಕ್ಷೆ ಮಾಡಿಸುವ ಅಭ್ಯಾಸ ಹಳ್ಳಿಗಳಲ್ಲೂ ಬೇರೂರಬೇಕು.

ಕಾಕ್ಲಿಯ ಅಡಗಿರುವುದು ಕಣತಲೆಯ ಎಲುಬಿನ ಒಳಭಾಗದಲ್ಲಿ. ಆಯುರ್ವೇದದಲ್ಲಿ ಕಣತಲೆಗೆ ಶಂಖ ಎಂದೇ ಹೆಸರು. ಪಶ್ಚಿಮದವರು ಒಳಗಿನ ಸುರುಳಿಗೂ ಭಾರತೀಯ ವೈದ್ಯರು ಹೊರಗಿನ ಎಲುಬಿಗೂ ಬೇರೆಬೇರೆಯಾಗಿ ಹೆಸರಿಟ್ಟರು. ಎರಡೂ ಹೆಸರು ತಲೆಯ ಒಂದೇ ಎಡೆಯಲ್ಲಿ ಕೂಡಿವೆ. ಸುಶ್ರುತ ಸಂಹಿತೆ ಹೇಳುವ 107 ಮರ್ಮಗಳಲ್ಲಿ ಶಂಖಮರ್ಮ ಎರಡು, ಎಡಕ್ಕೊಂದು ಬಲಕ್ಕೊಂದು. ಪೆಟ್ಟು ಬಿದ್ದರೆ ಬೇಗ ಪ್ರಾಣ ತೆಗೆಯುವ 19 ಮರ್ಮಗಳ ಗುಂಪಿಗೆ ಇವು ಸೇರಿವೆ. ಈ ಎಣಿಕೆಗೆ ಇಂದಿನ ಅಂಗರಚನಾಶಾಸ್ತ್ರವೂ ಕಾರಣ ಕೊಡುತ್ತದೆ: ಕಣತಲೆಯಲ್ಲಿ ತಲೆಬುರುಡೆಯ ಗೋಡೆ ತೆಳು, ಅದರ ಒಳಮಗ್ಗುಲಲ್ಲೇ ಮಿದುಳ ಪೊರೆಯ ರಕ್ತನಾಳ ಹಾದುಹೋಗುತ್ತದೆ.

ಮೂಗಿನೊಳಗೂ ಚಿಪ್ಪುಗಳಿವೆ. ಪ್ರತಿ ಹೊಳ್ಳೆಯ ಒಳಗೋಡೆಯಿಂದ ಸುರುಳಿ ಬಾಗಿದ ಮೂರು ತೆಳು ಎಲುಬುಗಳು ಚಾಚಿಕೊಂಡಿವೆ; ಅವಕ್ಕೂ ಕಾಂಕಾ ಎಂದೇ ಹೆಸರು. ಒಳಬರುವ ಗಾಳಿ ಈ ಬಾಗುಗಳ ಸುತ್ತ ಹರಿದು ಮೈಯ ಬಿಸಿಗೆ ಹೊಂದಿಕೊಂಡು, ತೇವ ಪಡೆದು, ದೂಳನ್ನು ಪೊರೆಗೆ ಅಂಟಿಸಿ ಪುಪ್ಪುಸಕ್ಕೆ ಇಳಿಯುತ್ತದೆ. ಹಿರಿಯೂರಿನ ಬೇಸಗೆಯ ಒಣಗಾಳಿಯಲ್ಲಿ ಈ ಪುಟ್ಟ ಸುರುಳಿಗಳ ಕೆಲಸ ದೊಡ್ಡದು.

ಮಂಡಿಯ ಮೇಲಿನ ಗುಂಡನೆಯ ಎಲುಬಿಗೆ ಕನ್ನಡದಲ್ಲಿ ಮೊಣಕಾಲು ಚಿಪ್ಪು ಎಂದು ಹೆಸರು. ಹೆಸರು ತಕ್ಕದ್ದೇ. ತೊಡೆಯ ಸ್ನಾಯುವಿನ ಕಂಡರದೊಳಗೆ ಹುದುಗಿರುವ ಈ ಎಲುಬು ಕೀಲಿನ ಮುಂಭಾಗವನ್ನು ಕಾಯುತ್ತದೆ, ಜೊತೆಗೆ ಕಾಲು ನೀಡುವಾಗ ಸ್ನಾಯುವಿನ ಎಳೆತಕ್ಕೆ ಸನ್ನೆಯ ಬಲ ಕೊಡುತ್ತದೆ. ಹುಟ್ಟಿದ ಮಗುವಿನಲ್ಲಿ ಇದು ಮೃದ್ವಸ್ಥಿ. ಎಲುಬಾಗಿ ಗಟ್ಟಿಯಾಗುವುದು ಮೂರು ವರ್ಷದ ಆಚೀಚೆಯಿಂದ. ಕುರುಚಲು ಕಾಡಿನಲ್ಲಿ ಇರುವೆ, ಗೆದ್ದಲು ತಿಂದು ಬದುಕುವ ಪ್ರಾಣಿಗೂ ಮೈಮೇಲಿನ ಹೊದಿಕೆಯಿಂದಲೇ ಚಿಪ್ಪುಹಂದಿ ಎಂಬ ಹೆಸರು ಬಂದಿದೆ.

ಬೆರಳ ತುದಿಯ ಗೆರೆಗಳಲ್ಲೂ ಜನ ಶಂಖವನ್ನು ಗುರುತಿಸಿದ್ದಾರೆ. ಸಾಮುದ್ರಿಕದಲ್ಲಿ ದುಂಡಗೆ ಸುತ್ತಿದ ಗೆರೆಗೆ ಚಕ್ರ, ಒಂದು ಕಡೆಗೆ ಬಾಗಿ ತೆರೆದುಕೊಳ್ಳುವ ಗೆರೆಗೆ ಶಂಖ ಎಂದು ಹೆಸರು. ಮಕ್ಕಳು ಹತ್ತೂ ಬೆರಳು ಬಿಡಿಸಿ ಚಕ್ರವೆಷ್ಟು, ಶಂಖವೆಷ್ಟು ಎಂದು ಎಣಿಸುತ್ತಾರೆ. ಇವುಗಳಿಂದ ಭವಿಷ್ಯ ತಿಳಿಯುತ್ತದೆಂಬುದಕ್ಕೆ ಆಧಾರವಿಲ್ಲ. ಆದರೆ ಗೆರೆಗಳನ್ನು ಇದೇ ಬಗೆಯ ಗುಂಪುಗಳಾಗಿ ವಿಂಗಡಿಸಿಯೇ ಪೊಲೀಸರ ಬೆರಳಚ್ಚು ಶಾಸ್ತ್ರ ಬೆಳೆಯಿತು; 1897ರಲ್ಲಿ ಕೋಲ್ಕತ್ತದಲ್ಲಿ ಬೆರಳಚ್ಚು ವಿಭಾಗ ಆರಂಭವಾದಾಗ ಈ ವಿಂಗಡಣೆಯನ್ನು ರೂಪಿಸಿದವರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಪ್ರಮುಖರು. ಶಿಲ್ಪಶಾಸ್ತ್ರದಲ್ಲಿ ಮೂರು ಗೆರೆಯುಳ್ಳ ಕೊರಳು ಕಂಬುಕಂಠ. ಕಂಬು ಎಂದರೂ ಶಂಖವೇ. ಜಿನ, ಬುದ್ಧ, ವಿಷ್ಣು ಮೂರ್ತಿಗಳ ಕೊರಳಲ್ಲಿ ಈ ಮೂರು ಗೆರೆಗಳನ್ನು ಕಾಣಬಹುದು.

ಗುಡಿಗಳಲ್ಲಿ ಶಂಖ ದೇವರ ಕೈಯಲ್ಲೂ ಬಾಗಿಲಲ್ಲೂ ಇದೆ. ವಿಷ್ಣುವಿನ ನಾಲ್ಕು ಕೈಗಳಲ್ಲಿ ಶಂಖ, ಚಕ್ರ, ಗದೆ, ಪದ್ಮಗಳನ್ನು ಸ್ಥಾನ ಬದಲಿಸಿ ಇಟ್ಟರೆ ಒಟ್ಟು 24 ಜೋಡಣೆಗಳಾಗುತ್ತವೆ. ಕೇಶವ, ನಾರಾಯಣ, ಮಾಧವ ಮೊದಲಾದ 24 ಮೂರ್ತಿಗಳನ್ನು ಶಿಲ್ಪಿಗಳು ಹೀಗೆಯೇ ಬೇರ್ಪಡಿಸಿ ತೋರಿಸಿದರು. ಹರಿಹರದಲ್ಲಿ 13ನೇ ಶತಮಾನದ ಹರಿಹರೇಶ್ವರ ಗುಡಿಯ ಮೂರ್ತಿ ಅರ್ಧ ಶಿವ, ಅರ್ಧ ವಿಷ್ಣು. ವಿಷ್ಣುವಿನ ಭಾಗವನ್ನು ಗುರುತಿಸಲು ಶಂಖ ಚಕ್ರಗಳೇ ಸಾಕು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಬಾಗಿಲ ಬಳಿ ಶಂಖನಿಧಿ, ಪದ್ಮನಿಧಿ ಎಂಬ ಕುಬೇರನ ನಿಧಿಗಳು ಕುಳ್ಳು ಮೂರ್ತಿಗಳ ರೂಪ ತಾಳಿ ಕುಳಿತಿವೆ. ಕನ್ನಡ ಶಾಸನಗಳಲ್ಲಿ ಸಾಮಂತ ದೊರೆಗಳಿಗೆ ಪಂಚಮಹಾಶಬ್ದದ ಗೌರವ ದೊರೆತದ್ದನ್ನು ಮತ್ತೆ ಮತ್ತೆ ಹೇಳಲಾಗಿದೆ. ಆ ಐದು ವಾದ್ಯಗಳಲ್ಲಿ ಶಂಖವೂ ಒಂದು.

ಕಟ್ಟಡದ ಮೈಯಲ್ಲಿ ಶಂಖಕ್ಕಿಂತ ಚಿಪ್ಪಿನ ಪಾತ್ರ ಹಿರಿದು. ಚಪ್ಪಟೆ ಹಲಗೆ ಭಾರ ಹೊತ್ತಾಗ ನಡುವೆ ಬಾಗುತ್ತದೆ. ಬಾಗಿದ ಚಿಪ್ಪು ಮೇಲಿನ ಭಾರವನ್ನು ತನ್ನ ಮೈಯುದ್ದಕ್ಕೂ ಹಂಚಿ ಅಂಚಿಗೆ ಇಳಿಸುತ್ತದೆ. ದಪ್ಪದಿಂದ ಬರಬೇಕಾದ ಬಲ ಇಲ್ಲಿ ಬಾಗಿನಿಂದ ಬರುತ್ತದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ತೋಟಗಳಲ್ಲಿ ಎತ್ತರದ ಮರದಿಂದ ಬಿದ್ದ ತೆಂಗಿನಕಾಯಿ ಒಡೆಯದೆ ಉಳಿಯಲು ಹೊರಗಿನ ನಾರಿನಷ್ಟೇ ಒಳಗಿನ ಚಿಪ್ಪಿನ ಬಾಗೂ ಕಾರಣ. ವಿಜಯಪುರದಲ್ಲಿ 17ನೇ ಶತಮಾನದ ಗೋಲ ಗುಮ್ಮಟ ಇದೇ ತತ್ವದ ಇಟ್ಟಿಗೆ ಗಾರೆಯ ರೂಪ. ಅದರ ಗುಮ್ಮಟ ಬುಡದಲ್ಲಿ ಸುಮಾರು 3 ಮೀಟರ್ ದಪ್ಪವಿದೆ. ಕಬ್ಬಿಣದ ಸರಳು ಹುದುಗಿಸಿದ ಕಾಂಕ್ರೀಟು ಬಂದ ಮೇಲೆ ಚಿಪ್ಪು ಬಹಳ ತೆಳುವಾಯಿತು. ಮೆಕ್ಸಿಕೊದಲ್ಲಿ ಫೆಲಿಕ್ಸ್ ಕಾಂಡೆಲಾ 1958ರಲ್ಲಿ ಕಟ್ಟಿದ ಲೋಸ್ ಮನಾಂತಿಯಾಲೆಸ್ ಉಪಾಹಾರಗೃಹದ ಚಾವಣಿಯ ದಪ್ಪ ಸುಮಾರು 4 ಸೆಂಟಿಮೀಟರ್ ಮಾತ್ರ. ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಇಂಥವಕ್ಕೆ ಶೆಲ್ ರಚನೆ ಎಂದೇ ಹೆಸರು.

ಕಟ್ಟಡಕ್ಕೆ ಚಿಪ್ಪು ಆಕಾರವನ್ನಷ್ಟೇ ಅಲ್ಲದೆ ಸುಣ್ಣವನ್ನೂ ಕೊಟ್ಟಿದೆ. ಕರಾವಳಿಯಲ್ಲಿ ಕಪ್ಪೆಚಿಪ್ಪನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಾರೆ. ಎಲೆ ಅಡಿಕೆಗೂ ಗೋಡೆಗೂ ಅದು ಸಲ್ಲುತ್ತದೆ. ಬಯಲುಸೀಮೆಯಲ್ಲಿ ಅದೇ ಕೆಲಸಕ್ಕೆ ಸುಣ್ಣದ ಕಲ್ಲನ್ನು ಸುಡುತ್ತಾರೆ. ಎರಡರ ಮೂಲದ್ರವ್ಯವೂ ಕ್ಯಾಲ್ಸಿಯಂ ಕಾರ್ಬೋನೇಟೇ. ಬಬ್ಬೂರಿನ ಗದ್ದೆ ತೋಟಗಳಿಗೆ ನೀರುಣಿಸುವ ವಾಣಿವಿಲಾಸ ಸಾಗರದ ಅಣೆಕಟ್ಟನ್ನು ಮಾರಿಕಣಿವೆಯಲ್ಲಿ 1898ರಿಂದ 1907ರವರೆಗೆ ಕಟ್ಟಿದಾಗ ಕಲ್ಲುಗಳನ್ನು ಬೆಸೆದದ್ದು ಸುಣ್ಣದ ಗಾರೆ.

ನೀರೆತ್ತುವ ಯಂತ್ರದಲ್ಲೂ ಶಂಖದ ಆಕಾರವಿದೆ. ಹೊಲದ ಬದುವಿನ ಮೇಲಿನ ಮಾನೋಬ್ಲಾಕ್ ಪಂಪನ್ನು ಹತ್ತಿರದಿಂದ ನೋಡಿದರೆ ಮೋಟರಿನ ಪಕ್ಕದಲ್ಲಿ ಎರಕಹೊಯ್ದ ಕಬ್ಬಿಣದ ದುಂಡು ಭಾಗ ಕಾಣುತ್ತದೆ. ಅದು ಒಂದು ಕಡೆ ಕಿರಿದಾಗಿ ಆರಂಭವಾಗಿ, ಸುತ್ತಿ ಬರುತ್ತ ಹಿರಿದಾಗಿ, ನೀರು ಹೊರಬೀಳುವ ಬಾಯಿಗೆ ಕೊನೆಗೊಳ್ಳುತ್ತದೆ. ನಡುವಿನಲ್ಲಿ ತಿರುಗುವ ಚಕ್ರ ನೀರನ್ನು ಸುತ್ತಲೂ ರಭಸದಿಂದ ಎಸೆಯುತ್ತದೆ. ಸುತ್ತು ಹೋಗುತ್ತ ದಾರಿ ಅಗಲವಾಗುವುದರಿಂದ ನೀರಿನ ವೇಗ ತಗ್ಗಿ ಒತ್ತಡ ಏರುತ್ತದೆ. ಆ ಒತ್ತಡವೇ ನೀರನ್ನು ಮೇಲಕ್ಕೆ ತಳ್ಳುತ್ತದೆ. ರೋಮ್‌ನ ವಾಸ್ತುಶಿಲ್ಪಿ ವಿಟ್ರೂವಿಯಸ್ ಎರಡು ಸಾವಿರ ವರ್ಷದ ಹಿಂದೆಯೇ ನೀರೆತ್ತುವ ತಿರುಪು ಯಂತ್ರವನ್ನು ಕಾಕ್ಲಿಯ ಎಂದು ಕರೆದಿದ್ದ.

ಜನರ ದಿನಬಳಕೆಯಲ್ಲಿ ಶಂಖದ ದನಿಗೆ ಮೊದಲ ಸ್ಥಾನ. ಶಂಖದ ಸುರುಳಿ ತುದಿಯನ್ನು ಕೊಯ್ದು ತೂತು ಮಾಡಿ, ತುಟಿ ಬಿಗಿಹಿಡಿದು ಊದಿದರೆ ತುಟಿಗಳ ಕಂಪನ ಒಳಗಿನ ಟೊಳ್ಳಿನಲ್ಲಿ ಬೆಳೆದು ಹೊರಬರುತ್ತದೆ. ಶ್ರಾವಣ ಶನಿವಾರಗಳಲ್ಲಿ ಹಣೆಗೆ ನಾಮವಿಟ್ಟು ಮನೆಮನೆಗೆ ಬರುವ ದಾಸಯ್ಯನ ಕೈಯಲ್ಲಿ ಶಂಖ, ಜಾಗಟೆ, ಗರುಡಗಂಬದ ದೀಪ, ಬಗಲಲ್ಲಿ ಭವನಾಸಿ. ಮದುವೆ, ಹಬ್ಬ, ಹರಕೆಗಳಿಗೆ ಊದುವ ಅದೇ ದಾಸಯ್ಯ ಸಾವಿನ ಮನೆಯಿಂದ ಹೊರಟ ಮೆರವಣಿಗೆಯ ಮುಂದೆಯೂ ಶಂಖ ಊದುತ್ತ ನಡೆಯುತ್ತಾನೆ. ಹೊತ್ತು ಯಾವುದು ಎಂಬುದನ್ನು ಊರಿನವರು ಜಾಗಟೆಯ ಬಡಿತದಿಂದಲೂ ಸಂದರ್ಭದಿಂದಲೂ ತಿಳಿಯುತ್ತಾರೆ. ಖಾಲಿ ಶಂಖವನ್ನು ಕಿವಿಗೆ ಹಿಡಿದರೆ ಕೇಳುವ ಮೊರೆತ ಕಡಲಿನದಲ್ಲ. ಸುತ್ತಲಿನ ಸಣ್ಣಪುಟ್ಟ ಸದ್ದುಗಳೇ ಟೊಳ್ಳಿನಲ್ಲಿ ಅನುರಣಿಸುತ್ತವೆ.

ಹಳೆಯ ಮನೆಗಳಲ್ಲಿ ಬೆಳ್ಳಿಯ ಒಳಲೆ ಇರುತ್ತದೆ. ಇದು ಎಳೆಗೂಸಿಗೆ ಹಾಲು, ಬಜೆ ತೇಯ್ದ ನೀರು, ಔಷಧ ಕುಡಿಸುವ ಪುಟ್ಟ ಪಾತ್ರೆ. ಒಂದು ತುದಿ ಅಗಲವಾದ ಬಟ್ಟಲು, ಇನ್ನೊಂದು ತುದಿ ಉದ್ದನೆಯ ಕಿರುಮೂತಿ. ಶಂಖವನ್ನು ಉದ್ದಕ್ಕೆ ಸೀಳಿ ಇಟ್ಟ ರೂಪ. ತಮಿಳರಲ್ಲಿ ಇದೇ ಪಾತ್ರೆಗೆ ಶಂಖದ ಹೆಸರೇ ಇದೆ. ಅಜ್ಜಿ ಕಾಲು ನೀಡಿ ಕೂತು ಮಗುವನ್ನು ಮಡಿಲಲ್ಲಿ ಮಲಗಿಸಿ, ಮೂತಿಯನ್ನು ಬಾಯಂಚಿಗಿಟ್ಟು ಹನಿಹನಿಯಾಗಿ ಬಗ್ಗಿಸುತ್ತಾಳೆ. ಹಾಲು ಒಮ್ಮೆಲೇ ನುಗ್ಗದಂತೆ ತಡೆಯುವುದು ಆ ಕಿರಿದಾದ ಮೂತಿ. ತೂಕ ಕಡಿಮೆಯಿರುವ, ಮೊಲೆ ಚೀಪಲು ಶಕ್ತಿಯಿಲ್ಲದ ಶಿಶುಗಳಿಗೆ ತಾಯಿಹಾಲು ಕುಡಿಸಲು ಆಸ್ಪತ್ರೆಗಳಲ್ಲೂ ಇದೇ ಆಕಾರದ ಪಾತ್ರೆಯನ್ನು ಬಳಸುತ್ತಾರೆ. ತೊಳೆದು ಕುದಿಸುವುದು ಸೀಸೆಗಿಂತ ಸುಲಭ.

ಕವಡೆಯ ಲೋಕ ಬೇರೆ. ಮಾಲ್ಡೀವ್ಸ್ ದ್ವೀಪಗಳಿಂದ ಬಂದ ಹಣಕವಡೆ ಭಾರತದ ಪೂರ್ವ ಭಾಗದಲ್ಲಿ 19ನೇ ಶತಮಾನದವರೆಗೂ ಚಿಲ್ಲರೆ ನಾಣ್ಯವಾಗಿ ಚಲಾವಣೆಯಲ್ಲಿತ್ತು. ಒಡೆಯದ, ಸವೆಯದ, ನಕಲು ಮಾಡಲಾಗದ ವಸ್ತು ಎಂಬುದು ಅದಕ್ಕೆ ಒದಗಿದ ಅನುಕೂಲ. ಚಿತ್ರದುರ್ಗ ಸೀಮೆಯಲ್ಲಿ ಕವಡೆ ಕಾಣುವುದು ಒಡವೆಯಾಗಿ. ಮೈಲಾರಲಿಂಗನ ಗೊರವಯ್ಯ, ಎಲ್ಲಮ್ಮನ ಜೋಗಮ್ಮ ಕವಡೆ ಸರ ಧರಿಸುತ್ತಾರೆ. ಲಂಬಾಣಿ ಹೆಂಗಸರು ಲಂಗ, ರವಿಕೆ, ಚೀಲಗಳಿಗೆ ಕನ್ನಡಿಯ ಜೊತೆ ಕವಡೆ ಹೊಲಿಯುತ್ತಾರೆ. ಎತ್ತಿನ ಕೊರಳಪಟ್ಟಿಗೂ ಕವಡೆ ಸೇರುತ್ತದೆ.

ಆಟದಲ್ಲಿ ಕವಡೆ ಎಣಿಕೆಯ ಸಾಧನ. ಚೌಕಾಬಾರಕ್ಕೆ ನೆಲದ ಮೇಲೆ ಐದೈದು ಮನೆಯ ಚೌಕ ಬರೆದು ನಾಲ್ಕು ಕವಡೆ ಹಾಕುತ್ತಾರೆ. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಗರ. ನಾಲ್ಕೂ ಮೇಲಾದರೆ ಚೌಕ. ನಾಲ್ಕೂ ಬೋರಲಾದರೆ ಎಂಟು, ಅದು ಬಾರ. ಕಾಯಿಗಳು ಹೊರಸುತ್ತು ಮುಗಿಸಿ, ಒಳಸುತ್ತಿಗೆ ಹೊರಳಿ, ನಡುಮನೆ ಸೇರಿ ಹಣ್ಣಾಗಬೇಕು. ಕವಡೆ ಸಿಗದ ಕಡೆ ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡುತ್ತಾರೆ. ಬಿಳಿ ಮಗ್ಗುಲು ಕವಡೆಯ ಬಾಯಿ, ಕಂದು ಮಗ್ಗುಲು ಅದರ ಬೆನ್ನು.

ನೆಲದ ಮೇಲಿನ ಬಸವನಹುಳುವನ್ನು ಕನ್ನಡಿಗರು ಗುರುತಿಸಿದ್ದು ತಲೆಯ ಮೇಲೆ ಕೋಡಿನಂತೆ ಚಾಚುವ ಎಳೆಗಳಿಂದ. ರೈತರ ಬಾಯಲ್ಲಿ ಅದಕ್ಕೆ ಶಂಖದ ಹುಳು ಎಂಬ ಹೆಸರೂ ಇದೆ. ಪೂರ್ವ ಆಫ್ರಿಕದ ಮೂಲದ ದೈತ್ಯ ಶಂಖದ ಹುಳು 1847ರಲ್ಲಿ ಕೋಲ್ಕತ್ತದ ಮೂಲಕ ಭಾರತಕ್ಕೆ ಬಂತು; ಇಂದು ಬಾಳೆ, ಅಡಿಕೆ, ತರಕಾರಿ ತೋಟಗಳಿಗೆ ಪೀಡೆಯಾಗಿದೆ. ಹಗಲಲ್ಲಿ ತಂಪಿನಲ್ಲಿ ಅಡಗಿ ರಾತ್ರಿ ಮೇಯುವ ಇದನ್ನು ಮುಸ್ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಸೇರಿಸಿ, ಬೆಳಗ್ಗೆ ಆರಿಸಿ ನಾಶ ಮಾಡುವುದು ತೋಟಕ್ಕೆ ಹಾನಿಯಿಲ್ಲದ ದಾರಿ.

ಮಾತಿನಲ್ಲಿ ಮೂರೂ ಬೇರೆಬೇರೆ ಬೆಲೆ ಪಡೆದಿವೆ. ಬಾಯಿಂದ ಬಾಯಿಗೆ ಹಬ್ಬಿಸುವುದು ಊರಿಗೆಲ್ಲ ಶಂಖ ಊದುವುದು. ಸರಿಯಾದವರ ಮೂಲಕ ಬಂದಾಗಷ್ಟೇ ಮಾತಿಗೆ ಮನ್ನಣೆ ಎಂಬುದಕ್ಕೆ ಶಂಖದಿಂದ ಬಿದ್ದರೇ ತೀರ್ಥ ಎಂಬ ಗಾದೆಯಿದೆ. ಒಂದು ಕಾಲಕ್ಕೆ ಹಣವಾಗಿದ್ದ ಕವಡೆ, ಲೋಹದ ನಾಣ್ಯಗಳ ಮುಂದೆ ಬೆಲೆ ಕಳೆದುಕೊಂಡು, ಕವಡೆ ಕಾಸಿನ ಕಿಮ್ಮತ್ತಿಲ್ಲ ಎಂಬ ಮಾತಿನಲ್ಲಿ ಉಳಿಯಿತು. ತಿರುಳು ಬೇರೆಯವರ ಪಾಲಾಗಿ ಬರಿ ಹೊದಿಕೆ ಉಳಿದವನ ಸ್ಥಿತಿಗೆ ಕೈಗೆ ಚಿಪ್ಪು ಬಂತು ಎನ್ನುತ್ತಾರೆ. ಆದರೆ ಸಂತೆಯಲ್ಲಿ ಬಾಳೆಗೊನೆಯ ಒಂದು ಪದರ ಹಣ್ಣಿಗೂ ಚಿಪ್ಪೆಂದೇ ಹೆಸರು, ತೆಂಗಿನ ಚಿಪ್ಪಿಗೆ ಬಿದಿರ ಹಿಡಿ ಸೇರಿಸಿದರೆ ಅಡುಗೆಮನೆಗೆ ಸೌಟಾಗುತ್ತದೆ, ಒಲೆಗೆ ಹಾಕಿದರೆ ಒಳ್ಳೆಯ ಕೆಂಡವಾಗುತ್ತದೆ. ತಿರುಳು ತೆಗೆದ ಮೇಲೂ ಚಿಪ್ಪಿಗೆ ಬಯಲುಸೀಮೆಯ ಮನೆಗಳಲ್ಲಿ ಕೆಲಸ ಮುಗಿಯುವುದಿಲ್ಲ.